ಮಾವಿನ ಮರದ ಖಾತೆ

ಬಿ.ಕಾಂ. ಓದುತ್ತ ಪರಿಸರ ವಿಜ್ಞಾನವನ್ನು ಮೈನರ್ ಆಗಿ ಆರಿಸಿಕೊಂಡ ಹುಡುಗ ನಿಮ್ಮ ಬೀದಿಯಲ್ಲಿ ಇಲ್ಲವೇ? ಹಾಗಿದ್ದರೆ ನೀವೆಲ್ಲೋ ಪುಣ್ಯ ಮಾಡಿದ್ದೀರಿ.

ಪದವಿ ಓದುವವರೆಲ್ಲರಿಗೂ ಪರಿಸರದ ಒಂದು ಪೇಪರ್ ಕಡ್ಡಾಯ. 1991ರಲ್ಲಿ ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಫಲ ಅದು. ಉಳಿದವರು ಗೈಡ್ ಓದಿ ಪಾಸಾಗಿ ಕೈತೊಳೆದುಕೊಂಡರು. ನಮ್ಮ ಬೀದಿಯ ಇವನೊಬ್ಬ ಮಾತ್ರ, ಕೋರ್ಟು ತನ್ನ ಹೆಸರಿಗೇ ಸಮನ್ಸ್ ಕಳಿಸಿದೆ ಎಂದು ತಿಳಿದ.

ಅವನ ಕಳವಳ ಸಿಲಬಸ್ ದಾಟಿ ಆಚೆ ಹೋಗುವುದಿಲ್ಲ. ಜಲಮಾಲಿನ್ಯದ ಪಾಠ ನಡೆಯುವಾಗ ಬೆಳ್ಳಂದೂರು ಕೆರೆಯ ನೊರೆಗೆ ಅಮ್ಮನ ಬಟ್ಟೆಸೋಪೇ ಹೊಣೆ. "ಹಳಸಿದ ಸಾರು ಚರಂಡಿಗೆ ಚೆಲ್ಲಬೇಡ, ನೀರಿನ ಬಿ.ಒ.ಡಿ., ಅಂದರೆ ಆಮ್ಲಜನಕದ ಬೇಡಿಕೆ, ಏರುತ್ತೆ" ಅಂದ. "ನೀನು ಕುಡಿ, ಇಳಿಯುತ್ತೆ" ಅಂದರು ಅಮ್ಮ. ಗಣೇಶನ ಹಬ್ಬಕ್ಕೆ ಸರಿಯಾಗಿ ಶಬ್ದಮಾಲಿನ್ಯ ಬಂತು. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ 45 ಡೆಸಿಬಲ್ ಮೀರಬಾರದೆಂದು ಮೊಬೈಲ್ ಹಿಡಿದು ಪೆಂಡಾಲಿಗೆ ಹೋದ. ಅಲ್ಲಿಯ ಹುಡುಗರು ಅವನ ಕೈಗೆ ಚರುಪಿನ ದೊನ್ನೆ ಕೊಟ್ಟರು. ಬಾಯಿ ತುಂಬಿದ ಮೇಲೆ ಮಾಪನ ನಿಂತಿತು. ಕಾಗದ ಉಳಿತಾಯದ ಕುರಿತ ಅವನ ಪ್ರಾಜೆಕ್ಟು ಒಂದೇ ಮಗ್ಗುಲಿನ ಮುದ್ರಣದಲ್ಲಿ, ಮೂರು ಪ್ರತಿಯಲ್ಲಿ, ಪ್ಲಾಸ್ಟಿಕ್ ಹೊದಿಕೆಯೊಂದಿಗೆ ಸಲ್ಲಿಕೆಯಾಯಿತು. ವಿಭಾಗದ ನಿಯಮವಂತೆ, ಅವನೇನು ಮಾಡಿಯಾನು.

ಮೇಜರ್ ಅಕೌಂಟೆನ್ಸಿ ಅಲ್ಲವೇ, ಲೆಕ್ಕ ಮಾತ್ರ ಪಕ್ಕಾ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅಪ್ಪನ ಸ್ಕೂಟರು ಡೆಬಿಟ್, ಅಜ್ಜಿಯ ಸೌದೆಒಲೆ ಡೆಬಿಟ್, ಅತ್ತೆಯ ಫ್ರಿಜ್ ಡೆಬಿಟ್. ಮತ್ತೆ ಇವನ ಬೈಕು? ಅದಕ್ಕೆ ಎದುರುಮನೆಯ ಮಾವಿನ ಮರ ಕ್ರೆಡಿಟ್. ಈ ವ್ಯವಹಾರ ಎದುರುಮನೆಯವರಿಗೆ ಗೊತ್ತಿರಲಿಲ್ಲ.

ಮೊನ್ನೆ ಅವರು ಕಾರು ನಿಲ್ಲಿಸಲು ಜಾಗ ಬೇಕೆಂದು ಮರ ಕಡಿಯುವವರನ್ನು ಕರೆಸಿದರು. ಇವನು ಓಡಿಬಂದು ಮರವನ್ನು ತಬ್ಬಿ ನಿಂತ. 1983ರಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಜನ ಹೀಗೇ ತಬ್ಬಿಕೊಂಡು ಅಪ್ಪಿಕೋ ಚಳವಳಿ ಶುರು ಮಾಡಿದ್ದು ಎಂದು, ಗರಗಸದವರಿಗೆ ಹತ್ತು ಅಂಕದ ಉತ್ತರವನ್ನೇ ಒಪ್ಪಿಸಿದ. ಬೀದಿಗೆ ಬೀದಿಯೇ ಸೇರಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಎದುರುಮನೆಯವರು ನಾಚಿ, ಕಾರನ್ನು ರಸ್ತೆಯಲ್ಲೇ ಬಿಟ್ಟರು.

ಆ ರಾತ್ರಿಯೇ ಅಪ್ಪನ ಮುಂದೆ ಅರ್ಜಿ ಬಂತು: 350 ಸಿ.ಸಿ.ಯ ಹೊಸ ಬೈಕು ಬೇಕು. ಮರದ ಖಾತೆಯಲ್ಲಿ ಇನ್ನೂ ಬ್ಯಾಲೆನ್ಸ್ ಇದೆಯಂತೆ.