ಸಬ್ಜೆಕ್ಟ್ ಸಿಕ್ಕಿದರಾ?

ಪಂಕ್ತಿಯಲ್ಲಿ ಊಟಕ್ಕೆ ಕೂತ ಉಳಿದವರ ಕಣ್ಣು ಬಡಿಸುವವನ ಕೈಯಲ್ಲಿರುವ ಹೋಳಿಗೆಯ ಮೇಲಿದ್ದರೆ, ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗನ ಕಣ್ಣು ಎದುರು ಸಾಲಿನವರ ಮೊಣಕಾಲಿನ ಮೇಲೆ. ಊಟ ಮುಗಿಸಿ ನಮ್ಮ ಭಾವನವರು ಒಂದು ಕೈ ನೆಲಕ್ಕೂರಿದರು. “ಒಂದು ಹೋಯಿತು” ಎಂದು ಗೊಣಗಿದ. ಮೊಣಕಾಲನ್ನೂ ಊರಿದರು. “ಎರಡು.” ಮೊದಲ ಸಲ ಕೇಳಿದಾಗ ಹೋಳಿಗೆಯ ಲೆಕ್ಕ ಇರಬೇಕು ಅಂದುಕೊಂಡೆ. ಅದು ಭಾವನವರ ಆಯುಸ್ಸಿನ ಲೆಕ್ಕ. ಬ್ರೆಜಿಲಿನ ಸಂಶೋಧಕರು 51ರಿಂದ 80 ವರ್ಷದ 2002 ಜನರನ್ನು ನೆಲದ ಮೇಲೆ ಕೂರಿಸಿ ಎಬ್ಬಿಸಿ, ಊರಿದ ಪ್ರತಿ ಕೈಗೂ ಮೊಣಕಾಲಿಗೂ ಒಂದೊಂದು ಅಂಕ ಕಳೆದು, 10ರಲ್ಲಿ ತೀರಾ ಕಡಿಮೆ ಬಂದವರು ಬೇಗ ಹೊರಡುವ ಸಂಭವ ಹೆಚ್ಚು ಎಂದು 2012ರಲ್ಲಿ ಪ್ರಕಟಿಸಿದ್ದಾರಂತೆ. ಭಾವನವರಿಗೆ ಹೇಳಲಿಲ್ಲ. ಅವರು ಆಗಷ್ಟೇ ಪಾನ್ ಹಾಕಿಕೊಂಡು ಸುಖವಾಗಿದ್ದರು.

ಹುಡುಗ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಫಿಸಿಯೋಥೆರಪಿ ಪಿಎಚ್‌ಡಿ ಸ್ಕಾಲರ್. ಬಾಡಿಗೆಗೆ ಬರುವವರು ಸಾಮಾನ್ಯವಾಗಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುತ್ತಾರೆ. ಇವನು ಕೇಳಿದ್ದು, “ಅಂಕಲ್, ಮೊಣಕಾಲು ನೋವು ಎಷ್ಟು ವರ್ಷದಿಂದ?” ನಾನು ಗೇಟಿನಿಂದ ಜಗಲಿಗೆ ಬರುವಷ್ಟರಲ್ಲಿ ನೋಡಿಬಿಟ್ಟಿದ್ದ.

ಅವನಿಗೆ ಬೇಕಾದದ್ದು 60 ಜನ. ಸಿಕ್ಕಿದ್ದು 43. ಅವನ ಗೈಡ್ ಮೇಡಂಗೆ ಗೊತ್ತಿರುವ ಕನ್ನಡ ವಾಕ್ಯ ಒಂದೇ ಎಂದು ನನ್ನ ಅನುಮಾನ: “ಸಬ್ಜೆಕ್ಟ್ ಸಿಕ್ಕಿದರಾ?” ಸಬ್ಜೆಕ್ಟ್ ಎಂದರೆ ವಿಷಯವಲ್ಲ, ನಾವು. ಸುಮ್ಮನೆ ನೋವಿದ್ದರೆ ಸಾಲದು. ವಯಸ್ಸು 50 ದಾಟಿರಬೇಕು, 65 ದಾಟಿರಬಾರದು. ಮೊಣಕಾಲು ಸವೆದಿರಬೇಕು, ಆಪರೇಷನ್ ಆಗಿರಬಾರದು. ಸಕ್ಕರೆ ಕಾಯಿಲೆಯಂತೂ ಕೂಡದು. ನಮ್ಮೂರಿನಲ್ಲಿ ಐವತ್ತು ದಾಟಿಯೂ ಸಕ್ಕರೆ ಇಲ್ಲದವರನ್ನು ಹುಡುಕುವುದಕ್ಕಿಂತ ಮಗನಿಗೆ ಹೆಣ್ಣು ಹುಡುಕುವುದು ಸುಲಭ. ಅಲ್ಲಾದರೆ ಜಾತಕ ಕೂಡಿದರೆ ಮುಗಿಯಿತು, ಇಲ್ಲಿ ಜಾತಕ ಕೂಡಿದ ಮೇಲೂ ಎಕ್ಸ್‌ರೇ ಕೂಡಬೇಕು.

44ನೆಯವನಾಗಿ ನಾನು ಒಪ್ಪಿದೆ. 45ನೆಯವರಾಗಿ ನಮ್ಮ ಅತ್ತಿಗೆಯನ್ನು ಕೊಟ್ಟೆ. ಒಪ್ಪಿಗೆ ಪತ್ರವನ್ನು ಎಥಿಕ್ಸ್ ಕಮಿಟಿಯವರು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಸಿ, ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಿದ್ದರಂತೆ. ಅಷ್ಟು ಸುತ್ತಿ ಬಂದ ಆಯಾಸ ಅದರ ಕನ್ನಡದಲ್ಲಿ ಕಾಣುತ್ತಿತ್ತು. ಅತ್ತಿಗೆ ಮೊದಲು ಕೇಳಿದ್ದು, “ಇದಕ್ಕೆ ಸಹಿ ಹಾಕಿದರೆ ತೋಟಕ್ಕೇನೂ ತೊಂದರೆ ಇಲ್ಲವಲ್ಲ?” ಆಮೇಲೆ ನಿಧಾನವಾಗಿ ಓದುತ್ತ, ‘ಯಾವುದೇ ಹಂತದಲ್ಲಿ, ಕಾರಣ ನೀಡದೆ, ಹಿಂದೆ ಸರಿಯುವ ಸ್ವಾತಂತ್ರ್ಯ ನಿಮಗಿದೆ’ ಎಂಬ ಸಾಲಿಗೆ ಬಂದು ಕನ್ನಡಕ ತೆಗೆದರು.

“ನನ್ನ ಮದುವೆಯಲ್ಲಿ ಇದನ್ನು ಯಾರೂ ಓದಿ ಹೇಳಲಿಲ್ಲವಲ್ಲ ಮಾರಾಯ” ಎಂದರು.

ಲ್ಯಾಬಿನಲ್ಲಿ ಮೊದಲು ಅವರಿಗೆ ಸೈಕಲ್ ತುಳಿಸಿ, ಎಷ್ಟು ಆಯಾಸವಾಯಿತೆಂದು ಗೋಡೆಯ ಪಟ್ಟಿ ನೋಡಿ ಹೇಳಿ ಎಂದ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ ಪಟ್ಟಿ ಅದು, 6ರಲ್ಲಿ ಶುರುವಾಗಿ 20ಕ್ಕೆ ಮುಗಿಯುತ್ತದೆ.

“ಒಂದರಿಂದ ಐದು ಎಲ್ಲಿ ಹೋಯಿತು?”

ಆರೋಗ್ಯವಂತ ತರುಣರ ಎದೆಬಡಿತ 60ರಿಂದ 200ರವರೆಗೆ ಏರುತ್ತದಲ್ಲ ಆಂಟಿ, ಅದನ್ನು ಹತ್ತರಿಂದ ಭಾಗಿಸಿದ್ದು ಎಂದು ವಿವರಿಸಿದ.

“ಹಾಗಾದರೆ ಆ ತರುಣನನ್ನೇ ಕೇಳು” ಎಂದು ಅತ್ತಿಗೆ ಸೈಕಲ್ಲಿನಿಂದ ಇಳಿದರು.

ಆರು ನಿಮಿಷದ ನಡಿಗೆಯಲ್ಲಿ ಇನ್ನೂ ಫಜೀತಿ. 30 ಮೀಟರಿನ ಕಾರಿಡಾರಿನಲ್ಲಿ ಆಚೆ ಈಚೆ ನಡೆಯಬೇಕು. ಅಮೆರಿಕದ ಶ್ವಾಸಕೋಶ ತಜ್ಞರ ಸಂಘ 2002ರಲ್ಲಿ ಬರೆದಿಟ್ಟ ನಿಯಮದಂತೆ ಸ್ಕಾಲರ್ ನಿಮಿಷಕ್ಕೊಮ್ಮೆ ಗೊತ್ತಾದ ಮಾತನ್ನೇ, ಒಂದೇ ದನಿಯಲ್ಲಿ ಹೇಳಬೇಕು. ಹೆಚ್ಚು ಹುರಿದುಂಬಿಸಿದರೆ ಸಬ್ಜೆಕ್ಟ್ ಓಡಿಯಾರು, ಲೆಕ್ಕ ಕೆಟ್ಟೀತು. “ಚೆನ್ನಾಗಿ ನಡೆಯುತ್ತಿದ್ದೀರಿ. ಇನ್ನು ಐದು ನಿಮಿಷ ಇದೆ” ಎಂದ. “ಬೇಗ ಮುಗಿಸು, ಒಲೆಯಲ್ಲಿ ಹುರುಳಿ ಇಟ್ಟು ಬಂದಿದ್ದೇನೆ” ಎಂದರು ಅತ್ತಿಗೆ. “ಹೀಗೇ ಮುಂದುವರಿಸಿ. ಇನ್ನು ನಾಲ್ಕು ನಿಮಿಷ ಇದೆ.” “ಹುರುಳಿ ಅಂದೆನಲ್ಲ, ಕಿವಿ ಕೇಳುವುದಿಲ್ಲವಾ?” ನಿಯಮದಲ್ಲಿ ಹುರುಳಿಗೆ ಉತ್ತರವಿಲ್ಲ. ಹುಡುಗ ಬೆವರುತ್ತಿದ್ದ. ಆ ಹೊತ್ತಿನಲ್ಲಿ ಬೋರ್ಗ್ ಪಟ್ಟಿ ಅವನಿಗೇ ತೋರಿಸಿದ್ದರೆ 17 ಖಂಡಿತ.

ನನ್ನ ಸರದಿ ಕ್ಯಾಮೆರಾಗಳ ಕೋಣೆಯಲ್ಲಿ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಪ್ಯಾಂಟು ಹಾಕಿ ಗಳಿಸಿದ ಮರ್ಯಾದೆಯನ್ನು ಕಳಚಿ ಚಡ್ಡಿಯಲ್ಲಿ ನಿಲ್ಲಿಸಿದರು. ಸೊಂಟ, ಮೊಣಕಾಲು, ಹರಡುಗಳಿಗೆ ಎರಡೂ ಕಡೆ ಅಂಟುವ ಟೇಪಿನಿಂದ ಹೊಳೆಯುವ ಪುಟ್ಟ ಗುಂಡುಗಳನ್ನು ಮೆತ್ತಿದರು. ಸುತ್ತಲಿನ ಕ್ಯಾಮೆರಾಗಳಿಗೆ ನಾನು ಕಾಣುವುದಿಲ್ಲವಂತೆ, ಗುಂಡುಗಳು ಮಾತ್ರ. ಆ ಚಡ್ಡಿಯಲ್ಲಿ ಅದೊಂದೇ ಸಮಾಧಾನ. ನೆಲದಲ್ಲಿ ಹುದುಗಿಸಿದ ಒಂದು ಹಲಗೆಯ ಮೇಲೆ ನನ್ನ ಪೂರ್ತಿ ಪಾದ ಬೀಳಬೇಕು. ಆದರೆ ಹಲಗೆ ಎಲ್ಲಿದೆಯೆಂದು ನನಗೆ ಹೇಳುವಂತಿಲ್ಲ, ಹೇಳಿದರೆ ಅದನ್ನೇ ಗುರಿಯಿಟ್ಟು ಕಾಲಿಡುತ್ತೇನಂತೆ. ಹೊಸ ಸೊಸೆಯಿಂದ ಅತ್ತೆ ನಿರೀಕ್ಷಿಸುವುದೂ ಹೆಚ್ಚುಕಡಿಮೆ ಇದನ್ನೇ. “ಸಹಜವಾಗಿ ನಡೆಯಿರಿ ಅಂಕಲ್” ಎಂದ. ಅಂದ ಕ್ಷಣವೇ ನನಗೆ ನಡೆಯುವುದು ಮರೆತುಹೋಯಿತು. ಎಡಗಾಲಿನ ಜೊತೆ ಯಾವ ಕೈ ಹೋಗಬೇಕು?

“ಅಣ್ಣ, ಒಮ್ಮೆ ತೋರಿಸಿ” ಎಂದ ಹುಡುಗ.

ಮೂಲೆಯ ಸ್ಟೂಲಿನಿಂದ ಅಟೆಂಡರ್ ಎದ್ದರು. ಪ್ರೊಫೆಸರರಿಗೂ ವಿದ್ಯಾರ್ಥಿಗಳಿಗೂ ಅವರು ಅಣ್ಣನೇ. ಬೀಗದ ಕೈ ಅವರಲ್ಲಿ, ಯಾವ ಕ್ಯಾಮೆರಾವನ್ನು ಎಲ್ಲಿ ತಟ್ಟಿದರೆ ಎಚ್ಚರವಾಗುತ್ತದೆಂಬ ವಿದ್ಯೆಯೂ ಅವರಲ್ಲೇ. ಯಾರ ಥೀಸಿಸ್ ಆದರೂ ಪೈಲಟ್ ಪ್ರಯೋಗ ಅಣ್ಣನ ಕಾಲಿನ ಮೇಲೆಯೇ. ಲೈಬ್ರರಿಯಲ್ಲಿರುವ ಎಷ್ಟೋ ಥೀಸಿಸ್‌ಗಳ ಫೋಟೋಗಳಲ್ಲಿ, ಮುಖ ಕತ್ತರಿಸಿ ಉಳಿಸಿಕೊಂಡ ಆ ಕಾಲುಗಳು ಅವರವು. ಡಾಕ್ಟರೇಟು ಮಾತ್ರ ಬೇರೆಯವರದು. ಅಣ್ಣ ಕೋಣೆಯ ಆ ತುದಿಯಿಂದ ಈ ತುದಿಗೆ ನಡೆದರು. ನೆಟ್ಟಗೆ, ಗಡಿಯಾರದ ಲೋಲಕದ ಹಾಗೆ. ಪಾದ ಹಲಗೆಯ ನಟ್ಟನಡುವೆ ಬಿತ್ತು. ಪರದೆಯ ಮೇಲೆ ಎದ್ದ ಗೆರೆ ತೋರಿಸಿ ಹುಡುಗ ಹೆಮ್ಮೆಯಿಂದ, “ಜೂನಿಯರ್‌ಗಳಿಗೆ ಸಹಜ ನಡಿಗೆ ಎಂದರೆ ಇದನ್ನೇ ತೋರಿಸುವುದು ಅಂಕಲ್” ಎಂದ.

ಗುಂಡುಗಳನ್ನು ಕೀಳುವಾಗ ಕಾಲಿನ ರೋಮವೂ ಸಾಕಷ್ಟು ವಿಜ್ಞಾನಕ್ಕೆ ಸಂದಿತು. ಆಮೇಲೆ ಅಣ್ಣನ ಜೊತೆ ಕ್ಯಾಂಟೀನಿಗೆ ಹೊರಟೆ. ಲ್ಯಾಬಿನ ಬಾಗಿಲು ಹಾಕಿ ನಾಲ್ಕು ಹೆಜ್ಜೆ ಇಟ್ಟಿರಬೇಕು, ಅಣ್ಣನ ಬಲಗಾಲು ಹೊರಗೆ ಬೀಸಿ ಬೀಸಿ ಬೀಳತೊಡಗಿತು.

“ಕಾಲಿಗೇನಾಯಿತು ಅಣ್ಣ?”

“ತೆಂಗಿನ ಮರದಿಂದ ಬಿದ್ದದ್ದು ಸಾರ್. ಎಂಟು ವರ್ಷ ಆಯ್ತು.”

“ಮತ್ತೆ ಒಳಗೆ ಅಷ್ಟು ಚಂದ ನಡೆದಿರಿ?”

ಅಣ್ಣ ಬೆಂಚಿಗೆ ಕೈ ಊರಿ ಕೂತು, ಇವರಿಗೆ ಇಷ್ಟೂ ಗೊತ್ತಿಲ್ಲವಾ ಎಂಬಂತೆ ನನ್ನನ್ನೇ ನೋಡಿದರು.

“ಅಷ್ಟು ಕ್ಯಾಮೆರಾ ಇಟ್ಟಿರುವಾಗ ಎದುರಿಗೆ ಕುಂಟುವುದುಂಟಾ ಸಾರ್?”