ಶಂಕಾಗ್ರಸ್ತ ಜನಕ: ಲಕ್ಷಣ ಮತ್ತು ಉಪಶಮನ

ಮಗುವಿಗೆ ಮನೆಯಲ್ಲೇ ಕನ್ನಡ ಓದಲು ಕಲಿಸಬೇಕೆಂದು ಸಂಕಲ್ಪಿಸಿ, ಸಂಕಲ್ಪದ ಮರುಗಳಿಗೆಯಿಂದಲೇ ಅದು ತನ್ನಿಂದಾಗುವ ಕೆಲಸವೇ ಎಂದು ಅನುಮಾನಿಸತೊಡಗುವ ತಂದೆಯನ್ನು ಇಲ್ಲಿ ಶಂಕಾಗ್ರಸ್ತ ಜನಕನೆಂದು ಕರೆಯಲಾಗಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಬಹುಮಹಡಿ ವಸತಿಗಳಲ್ಲಿ ಈತ ಹೇರಳವಾಗಿ ಕಾಣಸಿಗುತ್ತಾನೆ. ಕನ್ನಡದಲ್ಲಿ ಓದಿ, ಇಂಗ್ಲಿಷಿನಲ್ಲಿ ದುಡಿದು, ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿ, ಭಾನುವಾರ ಸಂಜೆಗಳಲ್ಲಿ ಮಾತ್ರ ಭಾಷೆಯ ಬಗ್ಗೆ ಕಳವಳಪಡುವುದು ಈತನ ಹೊರಲಕ್ಷಣ. ತಾಯಂದಿರಲ್ಲೂ ಈ ಬಾಧೆ ಉಂಟಾದರೂ, ಕೂತು ಶಂಕಿಸುವಷ್ಟು ಬಿಡುವು ಅವರಿಗೆ ದೊರೆಯದ ಕಾರಣ ಅದು ಉಲ್ಬಣಿಸಿದ ನಿದರ್ಶನಗಳು ವಿರಳ.

ಅಕ್ಷರಾಭ್ಯಾಸದಂದು, ಅಂದರೆ ಮಗುವಿನ ಕೈಹಿಡಿದು ಅಕ್ಕಿಯ ಮೇಲೆ ಮೊದಲ ಅಕ್ಷರ ತಿದ್ದಿಸುವ ಶಾಸ್ತ್ರದಂದು, ಈತನಲ್ಲಿ ಯಾವ ಶಂಕೆಯೂ ಇರುವುದಿಲ್ಲ. ಶೃಂಗೇರಿಯ ಶಾರದಾಂಬೆಯ ಸನ್ನಿಧಿಯಲ್ಲೋ, ವಿಜಯದಶಮಿಯ ದಿನ ಮನೆಯ ದೇವರ ಮುಂದೆಯೋ ಪುರೋಹಿತರು ಹೇಳಿದಂತೆ ನಡೆದುಕೊಂಡು, ಫೋಟೊ ತೆಗೆಸಿಕೊಂಡು, ಇನ್ನು ಮಿಕ್ಕಿದ್ದನ್ನು ಸರಸ್ವತಿಯೇ ನೋಡಿಕೊಳ್ಳುತ್ತಾಳೆಂದು ನೆಮ್ಮದಿಯಿಂದಿರುತ್ತಾನೆ. ಆ ಅಕ್ಕಿ ಅನ್ನವಾಗಿ ವಾರ ಕಳೆದ ಮೇಲೆ, ಎರಡನೆಯ ಅಕ್ಷರ ತಿದ್ದಿಸಬೇಕಾದವನು ತಾನೇ ಎಂಬುದು ಹೊಳೆಯುತ್ತದೆ, ರೋಗಾರಂಭವೂ ಅಂದೇ.

ಮೊದಲ ಶಂಕೆ ಲೆಕ್ಕದ್ದು. ಶಾಲಾ ವ್ಯಾಕರಣದ ಎಣಿಕೆಯಂತೆ 13 ಸ್ವರ, 34 ವ್ಯಂಜನ, ಅನುಸ್ವಾರ ವಿಸರ್ಗಗಳೆಂಬ 2 ಯೋಗವಾಹ ಸೇರಿ ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ. ಅಷ್ಟಕ್ಕೇ ನಿಂತಿದ್ದರೆ ಈತ ಧೈರ್ಯ ತಂದುಕೊಳ್ಳುತ್ತಿದ್ದನೋ ಏನೋ. ಆದರೆ ವ್ಯಂಜನಕ್ಕೆ ಸ್ವರಚಿಹ್ನೆಗಳನ್ನು ಕೂಡಿಸಿ ಕ, ಕಾ, ಕಿ, ಕೀ ಎಂದು ಸಾಗುವ ಕಾಗುಣಿತದಲ್ಲಿ ಒಂದೊಂದು ವ್ಯಂಜನವೂ 15 ರೂಪ ತಾಳುವುದರಿಂದ, ಕಚೇರಿಯ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಹಾಳೆ ತೆರೆದು 34ನ್ನು 15ರಿಂದ ಗುಣಿಸಿ, 510 ಎಂಬ ಉತ್ತರ ಕಂಡು, ದಿನಕ್ಕೊಂದರಂತೆ ಕಲಿಸಿದರೂ ‘ಳಃ’ ತಲುಪಲು ಹದಿನೇಳು ತಿಂಗಳು ಬೇಕೆಂದು ತಿಳಿದು, ಒತ್ತಕ್ಷರಗಳನ್ನು ಇನ್ನೂ ಎಣಿಸಿಯೇ ಇಲ್ಲವೆಂಬುದು ನೆನಪಾಗಿ ಹಾಳೆಯನ್ನು ಮುಚ್ಚುತ್ತಾನೆ. ‘ಳಃ’ ಯಾವ ಪದದಲ್ಲಿ ಬರುತ್ತದೆಂದು ಮಗು ಕೇಳಿದರೆ ಏನು ಹೇಳಬೇಕೆಂಬುದು ಇದರ ಉಪಶಂಕೆ.

ಅದೇ ಮನೆಯ ಅಜ್ಜಿ ಈ ಐನೂರ ಹತ್ತನ್ನು ಎಣಿಸದೆಯೇ ಕಲಿತಾಕೆ. ಆಕೆಗೆ ಕಾಗುಣಿತವೆಂದರೆ ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಓತ್ವ ಎಂದು ರಾಗವಾಗಿ ಒಪ್ಪಿಸುವ ಚಿಹ್ನೆಗಳ ಹೆಸರುಗಳು. ಗುಡಿಸು ಅಕ್ಷರದ ನೆತ್ತಿಯ ಮೇಲಿನ ಸುತ್ತಾದರೆ, ಕೊಂಬು ಅದರ ಬಲಕ್ಕೆ ಬರುವ ಬಾಗು. ‘ಕ’ಕ್ಕೆ ಕೊಂಬು ಕೊಡಲು ಬಂದ ಮಗು ‘ಗ’ಕ್ಕೂ ಯಾರನ್ನೂ ಕೇಳದೆ ಕೊಡುತ್ತದೆ, ಆದ್ದರಿಂದ ಮ, ಯಗಳಂಥ ಕೆಲವು ಹಟಮಾರಿಗಳನ್ನು ಬಿಟ್ಟರೆ, ಕಲಿಯಬೇಕಾದದ್ದು ಅಕ್ಷರಗಳನ್ನು ಮತ್ತು ಹದಿನೈದರೊಳಗಿನ ಚಿಹ್ನೆಗಳನ್ನು ಮಾತ್ರ. ಈ ಸಂಗತಿಯನ್ನು ತಾಯಿಯ ಬಾಯಿಂದ ಕೇಳಿದರೆ ಶಂಕಾಗ್ರಸ್ತ ಜನಕನು ನಂಬುವುದಿಲ್ಲ.

ಎರಡನೆಯ ಶಂಕೆ ಕ್ರಮದ್ದು. ಅ ಎಂದರೆ ಅರಸ, ಆ ಎಂದರೆ ಆನೆ ಎಂಬ ದಾರಿಯಲ್ಲಿ ಈತ ನಿರಾತಂಕವಾಗಿ ಹೊರಟು ಐದನೆಯ ವ್ಯಂಜನವಾದ ‘ಙ’ದ ಎದುರು ನಿಂತುಬಿಡುತ್ತಾನೆ, ಏಕೆಂದರೆ ಆ ಅಕ್ಷರದಿಂದ ಆರಂಭವಾಗುವ, ಚಿತ್ರ ಬರೆದು ತೋರಿಸಬಹುದಾದ ಪದವೊಂದೂ ಬಳಕೆಯಲ್ಲಿಲ್ಲ. ಹೀಗಿರುವಾಗ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ‘ರ ಗ ಸ ದ ಅ’ ಎಂಬ ಕ್ರಮವನ್ನು ಪ್ರಸ್ತಾಪಿಸಿದರಂತೂ ಈತನ ಸ್ಥಿತಿ ಶೋಚನೀಯ. ಇದು ನಲಿ-ಕಲಿಯ ಕ್ರಮ. ನಲಿ-ಕಲಿ ಎಂದರೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆ ಹಬ್ಬಿದ, ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿ. ಈ ಐದೇ ಅಕ್ಷರ ಬಂದರೆ ಸಾಕು, ಯಾವ ಚಿಹ್ನೆಯ ಹಂಗೂ ಇಲ್ಲದೆ ಮಗು ಸರ, ಅರಸ, ಅಗಸ, ದಸರ, ಗರಗಸಗಳನ್ನು ಓದಿಬಿಡುತ್ತದೆ. ವರ್ಣಮಾಲೆ ಮುಗಿಯುವವರೆಗೆ ಪದಕ್ಕಾಗಿ ಕಾಯಬೇಕಿಲ್ಲ. ಜಾಣ ಏರ್ಪಾಡೆಂಬುದರಲ್ಲಿ ಸಂಶಯವಿಲ್ಲ. ಆದರೂ ಐದು ವರ್ಷದ ಮಗು ಮೊಟ್ಟಮೊದಲು ಓದುವ ದೊಡ್ಡ ಪದ ಗರಗಸವಾಗುವುದು ಶುಭವೇ ಎಂದು ಈತ ಒಂದು ರಾತ್ರಿಯಿಡೀ ಯೋಚಿಸುತ್ತಾನೆ.

ಇಂಗ್ಲಿಷಿನೊಡನೆ ಗೊಂದಲವಾದೀತು, ಶಾಲೆಯವರು ಆಕ್ಷೇಪಿಸಿಯಾರು, ಇದು ಬೇಗವಾಯಿತು, ತಡವಾಯಿತು, ಮೂರನೆಯ ಮಹಡಿಯ ಮಗು ಆಗಲೇ ಓದುತ್ತಿದೆ ಎಂಬಿತ್ಯಾದಿ ಕಿರುಶಂಕೆಗಳನ್ನು ವಿಸ್ತರಿಸಬೇಕಾಗಿಲ್ಲ. ಅವುಗಳಿಗೆಲ್ಲ ಈತ ಕಂಡುಕೊಂಡ ಮದ್ದು ಒಂದೇ, ಖರೀದಿ. ಗೋಡೆಯ ಚಾರ್ಟು, ಅಯಸ್ಕಾಂತದ ಅಕ್ಷರಗಳು, ಮೂರು ಬಗೆಯ ಫ್ಲ್ಯಾಶ್‌ಕಾರ್ಡು, ಚಂದಾ ಕಟ್ಟಿದ ಆ್ಯಪು ಮನೆ ತುಂಬುತ್ತವೆ. “ಏನೋ ಇದು, ಅಂಗಡಿ ಇಡ್ತೀಯೇನೋ?” ಎಂದು ಅಜ್ಜಿ ಕೇಳಿದ್ದಕ್ಕೆ ಉತ್ತರವಿರುವುದಿಲ್ಲ.

ಇವೆಲ್ಲ ಮೇಲುಮೇಲಿನವು, ಮೂಲಶಂಕೆ ಬೇರೆಯೇ ಇದೆ, ಅದನ್ನು ಈತ ಯಾರ ಮುಂದೆಯೂ ಆಡುವುದಿಲ್ಲ. ಹದಿನೈದು ವರ್ಷಗಳಿಂದ ಕನ್ನಡದಲ್ಲಿ ಮದುವೆ ಕರೆಯೋಲೆಗಿಂತ ಉದ್ದನೆಯದನ್ನು ಓದದ ತನಗೆ ಕನ್ನಡ ಎಷ್ಟು ಉಳಿದಿದೆ ಎಂಬುದೇ ಅದು. ಮಹಾಪ್ರಾಣಗಳು, ಅಂದರೆ ಉಸಿರನ್ನು ಒತ್ತಿ ನುಡಿಯಬೇಕಾದ ಖ, ಘ, ಛ, ಝ ಮುಂತಾದ ಹತ್ತು ಅಕ್ಷರಗಳು, ಈತನ ನಾಲಿಗೆಯನ್ನು ಬಿಟ್ಟು ಯಾವ ಕಾಲವಾಯಿತೋ. ಹಳೇ ಮೈಸೂರು ಸೀಮೆಯವನಾಗಿದ್ದರೆ ಹಾಲು ‘ಆಲು’ ಆಗುವ ಭಯವೂ ಜೊತೆಗಿರುತ್ತದೆ. ಹಳಗನ್ನಡದಲ್ಲಿ ‘ಪಾಲ್’ ಎಂದಿದ್ದದ್ದೇ ಹಾಲಾಯಿತು, ಅದು ಇನ್ನೊಂದು ಹೆಜ್ಜೆ ಮುಂದೆ ಹೋದರೆ ತಪ್ಪೇನೆಂದು ಈತ ತನ್ನಷ್ಟಕ್ಕೆ ಸಮಾಧಾನ ಹೇಳಿಕೊಂಡರೂ, ಮಗಳೆದುರು ‘ಹ’ ಬಂದಾಗ ಕೆಮ್ಮುತ್ತಾನೆ.

ಇಂಥವನ ಶಂಕೆಗಳು ವಾದದಿಂದ ನಿವಾರಣೆಯಾದದ್ದಿಲ್ಲ. ಚಾರ್ಟಿಗೆ ಧೂಳು ಹಿಡಿದ ಕಾಲದಲ್ಲಿ, ಅಜ್ಜಿ ಹಾಲು ಕಾಸುವ ಮುಂಚೆ ಪ್ಯಾಕೆಟ್ಟಿನ ಮೇಲಿನ ‘ನಂದಿನಿ’ಯನ್ನು ದಿನವೂ ಮೊಮ್ಮಗಳ ಬೆರಳಿಂದ ತೋರಿಸಿರುತ್ತಾಳೆ, ಅದರಲ್ಲಿ ಒಂದು ಸೊನ್ನೆ, ಎರಡು ಗುಡಿಸು ತಾವಾಗಿಯೇ ಬಂದಿರುತ್ತವೆ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು ಮುಂದಿನ ಪಾಠಗಳು. ತಂದೆಯ ಪಾಲಿಗೆ ಉಳಿಯುವುದು ರಾತ್ರಿ ಮಲಗುವ ಮುನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ತಪ್ಪಿದರೆ ತಪ್ಪಲಿ ಎಂದು ಗಟ್ಟಿಯಾಗಿ ಓದುವ ಹತ್ತು ನಿಮಿಷದ ಕೆಲಸ. ಈ ಕೆಲಸ ಮಹಾಪ್ರಾಣಗಳಿಲ್ಲದೆಯೂ ನಡೆಯುತ್ತದೆ. ಕೆಲವು ತಿಂಗಳಲ್ಲಿ ಮಗಳೇ “ಅಪ್ಪಾ, ಅದು ಬಾರತ ಅಲ್ಲ, ಭಾರತ” ಎಂದು ತಿದ್ದುತ್ತಾಳೆ. ಗುಣಮುಖನಾಗುತ್ತಿರುವುದರ ಮೊದಲ ಚಿಹ್ನೆಯೆಂದರೆ ಈತನಿಗೆ ಅದರಿಂದ ಅವಮಾನವಾಗದಿರುವುದು. ಆನಂತರ ಕಿರಾಣಿ ಅಂಗಡಿಯಲ್ಲಿ ಈತ “ದುಡ್ಡು ನಾಳೆ ಕೊಡ್ತೀನಿ” ಎನ್ನುವಾಗಲೇ ಮಗಳು ‘ಸಾಲ ಕೇಳಬೇಡಿ’ ಎಂಬ ಫಲಕವನ್ನು ಬಿಡಿಬಿಡಿಯಾಗಿ ಓದುತ್ತಾಳೆ, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚಿಕ್ಕಪ್ಪನ ಬಗ್ಗೆ ಬಂದದ್ದನ್ನು ಚಿಕ್ಕಪ್ಪನೆದುರಿಗೇ ಓದುತ್ತಾಳೆ. ಆಗ ಯಾವ ಶಂಕೆಗೂ ಎಡೆಯಿರುವುದಿಲ್ಲ.

ಗುಣವಾದ ಶಂಕಾಗ್ರಸ್ತನು ಶಂಕೆಯಲ್ಲಿದ್ದವನಿಗಿಂತ ಅಪಾಯಕಾರಿ ಎಂಬುದನ್ನು ಪೋಷಕರ ಸಭೆಯಲ್ಲಿ ನೋಡಬಹುದು. “ಇವಳಿಗೆ ಇಷ್ಟು ಚೆನ್ನಾಗಿ ಓದೋಕೆ ಯಾರು ಕಲಿಸಿದ್ರು ಸರ್?” ಎಂದು ಶಿಕ್ಷಕಿ ಸೌಜನ್ಯಕ್ಕೆ ಕೇಳಿದರೆ, ಅಜ್ಜಿಯ ಹೆಸರೆತ್ತದೆ, ಗರಗಸದಿಂದ ಮೊದಲ್ಗೊಂಡು ತನ್ನ ವಿಧಾನವನ್ನು ಸಾಂಗವಾಗಿ ನಿರೂಪಿಸತೊಡಗುತ್ತಾನೆ. ಸಾಲು ಹಿಂದೆ ಬೆಳೆಯುತ್ತದೆ. ಬೇಸರಗೊಂಡ ಮಗಳು ಗೋಡೆಯ ಸೂಚನೆಯನ್ನು ಗಟ್ಟಿಯಾಗಿ ಓದುತ್ತಾಳೆ: “ಪೋಷಕರು ಐದು ನಿಮಿಷಕ್ಕಿಂತ ಹೆಚ್ಚು ಮಾತನಾಡಬಾರದು.” ಸಾಲಿನಲ್ಲಿದ್ದವರು ನಗುತ್ತಾರೆ. “ಕೇಳಿದ್ರಾ ಮೇಡಂ, ‘ಹೆಚ್ಚು’ವಿನ ಒತ್ತು ಎಷ್ಟು ಸರಿಯಾಗಿ ಬಂತು!” ಎಂದು ಹಿಗ್ಗಿದ ಜನಕನು, ಒಂದೇ ವ್ಯಂಜನ ಇಮ್ಮಡಿಸುವ ಸಜಾತೀಯ ಒತ್ತಕ್ಷರಗಳನ್ನು ವಿಜಾತೀಯಗಳಿಗಿಂತ ಮೊದಲು ಏಕೆ ಕಲಿಸಬೇಕೆಂಬುದನ್ನು ಕುರ್ಚಿ ಎಳೆದುಕೊಂಡು ವಿವರಿಸತೊಡಗುತ್ತಾನೆ.