ಸ್ಮಾರ್ಟ್‌ಬೋರ್ಡ್ ಮೇಷ್ಟ್ರು

ಗೋವೆಯ ವಾಸ್ಕೋ ಕಡೆ ನೆಲೆಸಿದ ಕನ್ನಡಿಗರಿಗೆ ಈ ಜಾತಿಯ ಒಬ್ಬ ಮೇಷ್ಟ್ರು ಎಲ್ಲಾದರೂ ಗಂಟುಬಿದ್ದೇ ಬೀಳುತ್ತಾರೆ. ಹೆಗಲಿಗೆ ಲ್ಯಾಪ್‌ಟಾಪ್, ಕೊರಳಿಗೆ ಪೆನ್‌ಡ್ರೈವ್, ಪ್ಯಾಂಟಿನ ಜೇಬಿನಿಂದ ಇಣುಕುವ ಎಚ್‌ಡಿಎಂಐ ಕೇಬಲ್. ಸೀಮೆಸುಣ್ಣ ಕಂಡರಾಗದು. ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದ ಹೆಸರೆತ್ತಿದರೆ ಉಣ್ಣುವ ತಟ್ಟೆ ಬಿಟ್ಟು ಏಳುತ್ತಾರೆ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ವಿದ್ಯಾರ್ಥಿಯಾಗಿದ್ದಾಗಲೇ ಅದನ್ನು ಕಟ್ಟಿದರೆಂದು ಹೇಳುವಾಗ ಅವರ ದನಿಯಲ್ಲಿ ಪುರಂದರದಾಸರ ಬಗ್ಗೆ ಮಾತಾಡುವಷ್ಟು ಭಕ್ತಿ.

ಇಂಥವರೊಬ್ಬರು ನಮ್ಮ ಮೇಲಿನ ಮನೆಯಲ್ಲೇ ಇರುವುದು ನನ್ನ ಪೂರ್ವಜನ್ಮದ ಪುಣ್ಯ. ಹುಬ್ಬಳ್ಳಿ ಕಡೆಯವರು. ಐಐಟಿ ಓದಿ ಗೋವೆಯ ಮುಖ್ಯಮಂತ್ರಿಯಾದ ಪರಿಕ್ಕರ್ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಹಂಚಿಸಿದ ಸೈಬರ್‌ಏಜ್ ಯೋಜನೆಯಿಂದ ಮಾತು ಶುರುಮಾಡಿದರೆಂದರೆ, 6ರಿಂದ 8ನೇ ತರಗತಿಯವರಿಗೆ ಕೋಡಿಂಗ್, ರೊಬಾಟಿಕ್ಸ್ ಕಲಿಸುವ ಈಗಿನ ಕೇರ್ಸ್ ಯೋಜನೆ ಮುಟ್ಟುವವರೆಗೆ ನಿಲ್ಲಿಸುವುದಿಲ್ಲ. ನಡುವೆ ಎದ್ದು ಹೋಗುವ ಹಾಗಿಲ್ಲ.

ಮಗಳಿಗೆ ಪೈಥಾಗೊರಸ್ ಪ್ರಮೇಯ ತಲೆಗೆ ಹತ್ತುತ್ತಿಲ್ಲವೆಂದು ಒಮ್ಮೆ ಬಾಯಿಬಿಟ್ಟೆ. ‘ಹಾಳಿ ಮ್ಯಾಲ ತಿಳೀತದೇನ್ರೀ ಅದು? ಕಣ್ಣಾರೆ ನೋಡಬೇಕು’ ಎನ್ನುತ್ತ ಕೇಬಲ್ ಸಮೇತ ಇಳಿದು ಬಂದರು. ನಮ್ಮ ಟಿವಿಗೆ ಆ ಕೇಬಲ್ ಒಲಿಯಲಿಲ್ಲ. ಮೊಬೈಲಿನಿಂದ ಕಾಸ್ಟ್ ಮಾಡೋಣವೆಂದರು. ನಮ್ಮ ವೈಫೈ ಕೈಕೊಟ್ಟಿತು. ಪಕ್ಕದ ಮನೆಯ ವೈಫೈ ಪಾಸ್‌ವರ್ಡ್ ಅವರಿಗೆ ಗೊತ್ತಿತ್ತು. ಹೇಗೆ ಎಂದು ನಾನು ಕೇಳಲಿಲ್ಲ. ‘ಬಂತು ನೋಡ್ರಿ, ಕನೆಕ್ಟೆಡ್!’ ನಮ್ಮ ಟಿವಿ ಮಾತ್ರ ಕಪ್ಪಗೇ ಇತ್ತು. ಅಷ್ಟರಲ್ಲಿ ಗೋಡೆಯಾಚೆಯಿಂದ ಕೊಂಕಣಿಯಲ್ಲಿ ಬೊಬ್ಬೆ. ಎಫ್‌ಸಿ ಗೋವಾದವರು ಪೆನಾಲ್ಟಿ ಒದೆಯುವ ಹೊತ್ತಿಗೆ ಸರಿಯಾಗಿ ಪಕ್ಕದವರ ಟಿವಿಯಲ್ಲಿ 3, 4, 5ರ ಲಂಬಕೋನ ತ್ರಿಭುಜವೊಂದು ಮೂರೂ ಬಾಹುಗಳ ಮೇಲೆ ಬಣ್ಣದ ಚೌಕ ಹೊತ್ತು ಗಿರಗಿರ ತಿರುಗುತ್ತಿತ್ತು. ಆ ಮನೆಯ ಅಜ್ಜ ಬಂದು ಬಾಗಿಲು ಗುದ್ದಿದಾಗ ಮೇಷ್ಟ್ರು ಕೇಳಿದ್ದು ಒಂದೇ: ‘ಚಿತ್ರ ಕ್ಲಿಯರ್ ಇತ್ತೇನ್ರೀ?’

ಬೈಯಲೂ ಮನಸ್ಸಾಗದು. ಮಿರಾಮಾರಿನ ವಿಜ್ಞಾನ ಕೇಂದ್ರಕ್ಕೆ ಮಕ್ಕಳನ್ನು ಭಾನುವಾರ ಸ್ವಂತ ದುಡ್ಡಿನಲ್ಲಿ ಕರೆದೊಯ್ಯುವವರೂ ಇವರೇ. ನನ್ನ ಸಿಟ್ಟಿರುವುದು ಬೇರೆ ಕಡೆ: ಮೌಸನ್ನು ಇನ್ನೊಬ್ಬರ ಕೈಗೆ ಕೊಡರು. ಮಕ್ಕಳು ಕೈಕಟ್ಟಿ ಕುಳಿತು ಸಿನಿಮಾ ನೋಡಬೇಕು, ಅಷ್ಟೆ.

ಈಚೆಗೆ ಮಗಳ ತರಗತಿಯಲ್ಲಿ ಮಳೆಗೆ ಕರೆಂಟು ಹೋಗಿ ಬಂದು, ಪ್ರೊಜೆಕ್ಟರಿನ ರಿಮೋಟ್ ಹುಡುಕಲು ಅವರು ಸ್ಟಾಫ್‌ರೂಮಿಗೆ ಹೋಗಿದ್ದಾರೆ. ಪರದೆಯ ಮೇಲೆ ಫೆಟ್. ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊದಲ್ಲಿ ಶುರುಮಾಡಿದ ವಿಜ್ಞಾನದಾಟ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು ಬ್ಯಾಟರಿಯ ಎರಡು ತುದಿಗೂ ನೇರ ತಂತಿ ಸಿಕ್ಕಿಸಿದ. ಭಗ್ಗನೆ ಬೆಂಕಿ! ತರಗತಿಯೆಲ್ಲ ಹೋ ಎಂದಿತು. ನಡುವೆ ಒಂದು ರೋಧಕ ಸೇರಿಸಿದ, ಬೆಂಕಿ ಆರಿತು. ತೆಗೆದ, ಮತ್ತೆ ಹೊತ್ತಿತು. ಓಮನ ನಿಯಮವನ್ನು ಉರುಹೊಡೆದು ಪಾಸಾದ ನನಗೆ ಮಗಳು ಅದನ್ನು ಆ ಸಂಜೆ ಬಿಡಿಸಿ ಹೇಳಿದಳು. ಮೇಷ್ಟ್ರ ದೂರು ಮಾತ್ರ ‘ಮುಟ್ಟಬ್ಯಾಡ್ರಿ ಅಂದ್ರ ಮುಟ್ಯಾರ್ರೀ’ ಎಂದು.

ಮೇಷ್ಟ್ರೇ, ಒಂದೇ ಕೋರಿಕೆ. ಲ್ಯಾಪ್‌ಟಾಪ್ ನಿಮ್ಮದೇ ಇರಲಿ, ಪಾಸ್‌ವರ್ಡೂ ನಿಮ್ಮದೇ ಇರಲಿ. ಮೌಸನ್ನು ಮಾತ್ರ ದಯವಿಟ್ಟು ಆ ಹುಡುಗನ ಕೈಗೆ ಕೊಡಿ.